ತುತ್ತೂರಿ ಕೇಳಿಸಿದ ಮಧ್ಯಾಹ್ನ

ಫೆಬ್ರವರಿ ೪

ಪ್ರೀತಿಯ ಅತ್ತೆ,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಯಾರೆಂದು ತಿಳಿದಿರುತ್ತದೆ. ಕಾಗೆ ಕಾಲು ಗುಬ್ಬಿ ಕಾಲು ಎಂದು ಬೈದು, ಬೆರಳು ಹಿಡಿದು ತಿದ್ದಿದವರೇ ನೀವು. ಅದು ಇನ್ನೂ ಉದ್ಧಾರವಾಗಿಲ್ಲ. ಫೋನು ಮಾಡಬಹುದಿತ್ತು, ಆದರೆ ನಿಮಗೆ ಫೋನೆಂದರೆ ಮೊದಲಿನಿಂದಲೂ ಆಗದು. ರಿಂಗಾದರೆ ಅಪ್ಪನನ್ನೇ ಕೂಗುತ್ತಿದ್ದಿರಿ. ಅದಕ್ಕೇ ಕಾಗದ.

ನಾನು ನಮ್ಮ ಚರ್ಚಿನ ಸಭೆ ಬಿಟ್ಟು ಹನ್ನೊಂದು ವರ್ಷವಾಯಿತು. ಅಂದಿನಿಂದ ನಿಮ್ಮದೂ ಮಾತಿಲ್ಲ, ನನ್ನದೂ ಇಲ್ಲ. ಇಷ್ಟು ದಿನ ಸುಮ್ಮನಿದ್ದು ಈಗ ಕೆಲಸವಿದೆಯೆಂದು ಬರೆಯುತ್ತಿದ್ದೇನೆ ಎಂದು ನೀವು ಅಂದುಕೊಂಡರೆ ಅದು ಸರಿಯೇ.

ನಾನೀಗ ಸಾಕ್ಷ್ಯಚಿತ್ರ ಮಾಡುವವಳು. ಸದ್ಯ ಮಾಡುತ್ತಿರುವುದು ನಮ್ಮಂಥ ಮಕ್ಕಳ ಬಗ್ಗೆ. ವಾರಕ್ಕೆ ನಾಲ್ಕು ಪ್ರಾರ್ಥನಾ ಕೂಟಗಳ ನಡುವೆ ಬೆಳೆದವರು, ಐದನೇ ವಯಸ್ಸಿಗೇ ‘ನೀನು ರಕ್ಷಣೆ ಹೊಂದಿದ್ದೀಯಾ’ ಎಂಬ ಪ್ರಶ್ನೆಗೆ ಹೌದೆಂದು ಕೈ ಎತ್ತಿದವರು, ಬಸ್ಸಿನಲ್ಲಿ ಗುರುತಿಲ್ಲದವರ ಕೈಗೆ ಸುವಾರ್ತೆಯ ಚೀಟಿ ತುರುಕಿ ನಾಚಿಕೆಯಿಂದ ಕಿಟಕಿಯ ಕಡೆ ತಿರುಗಿದವರು. ಐದು ಜನ ಕ್ಯಾಮೆರಾ ಮುಂದೆ ಮಾತಾಡಿದ್ದಾರೆ. ಇಬ್ಬರು ಈಗಲೂ ನಂಬುವವರು, ಮೂವರು ಬಿಟ್ಟವರು. ಸಿಟ್ಟು ಇದ್ದವರೂ ಇದ್ದಾರೆ. ಆದರೆ ಐದೂ ಜನ ಹಾಡು ಶುರುವಾದರೆ ಈಗಲೂ ಬಾಯಿ ತಪ್ಪದೆ ಹಾಡುತ್ತಾರೆ.

ಪಾಠ ಕಲಿತವರೆಲ್ಲ ಸಿಕ್ಕಿದರು, ಪಾಠ ಹೇಳಿದವರು ಒಬ್ಬರೂ ಸಿಕ್ಕಿಲ್ಲ. ನೀವು ನಲವತ್ತು ವರ್ಷ ಸಂಡೇ ಸ್ಕೂಲ್ ನಡೆಸಿದವರು. ಜ್ವರ ಬಂದು ಮನೆಯಲ್ಲಿ ಉಳಿದ ಮಕ್ಕಳಿಗೆ ಪಾಠ ತಪ್ಪಬಾರದೆಂದು ಪ್ರತಿ ಭಾನುವಾರ ಕ್ಯಾಸೆಟ್ಟಿಗೆ ಹಾಕಿಡುತ್ತಿದ್ದಿರಿ. ಅದರಲ್ಲಿ ಕಡೇ ತುತ್ತೂರಿಯ ಪಾಠ ನನಗೆ ಬೇಕು. ಒಂದು ದಿನ ಆಕಾಶದಲ್ಲಿ ತುತ್ತೂರಿ ಕೇಳಿಸುತ್ತದೆ, ನಂಬಿದವರೆಲ್ಲ ನಿಂತ ನಿಲುವಿನಲ್ಲೇ ಮೇಲಕ್ಕೆ ಎತ್ತಲ್ಪಡುತ್ತಾರೆ, ಉಳಿದವರು ಇಲ್ಲೇ ಉಳಿಯುತ್ತಾರೆ ಎಂದು ಹೇಳಿ, ಎಣ್ಣೆ ಸುರಿಯುವ ತಗಡಿನ ಆಲಿಕೆಯನ್ನು ಬಾಯಿಗಿಟ್ಟು ಊದಿದ್ದಿರಲ್ಲ, ಅದು. ಆಗುವುದಾದರೆ ನೀವೇ ಬಂದು ಮಾತಾಡಬೇಕು.

ದೂರಲು ಬರೆಯುತ್ತಿಲ್ಲ. ನನ್ನ ಹೊಟ್ಟೆಪಾಡೇ ಜನರ ಮಾತು ಕೇಳುವುದು. ಮಧ್ಯೆ ಬಾಯಿ ಹಾಕದೆ, ಎದುರಿನವರ ಮುಖವನ್ನೇ ನೋಡುತ್ತಾ ಕೇಳಬೇಕೆಂದು ಕಲಿತದ್ದು ನಿಮ್ಮನ್ನು ನೋಡಿ. ಒಂದು ಮಗು ತೊದಲಿದರೂ ನೀವು ಅದರ ತುಟಿಯಿಂದ ಕಣ್ಣು ಕೀಳುತ್ತಿರಲಿಲ್ಲ. ಇದಕ್ಕೆ ನಾನು ಎಂದೂ ನಿಮಗೆ ಕೃತಜ್ಞತೆ ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ.

ನಿಮ್ಮ ತಮ್ಮನ ಮಗಳು

*

ಫೆಬ್ರವರಿ ೨೧

ಯಾಕಮ್ಮನಿಗೆ ಆಶೀರ್ವಾದಗಳು.

ಮಾತು ಬಂದ ದಿನದಿಂದ ‘ಯಾಕೆ, ಯಾಕೆ’ ಎಂದು ನನ್ನ ಪ್ರಾಣ ಹಿಂಡಿದವಳಿಗೆ ಬೇರೆ ಹೆಸರು ಈ ವಯಸ್ಸಿನಲ್ಲಿ ನನ್ನ ಬಾಯಿಗೆ ಬರುವುದಿಲ್ಲ. ನಿನ್ನ ಕಾಗದ ಮೂರು ಸಲ ಓದಿದೆ. ಮೊದಲನೆಯ ಸಲ ಅಕ್ಷರ ಬಿಡಿಸುವುದಕ್ಕೇ ಹೋಯಿತು.

ಪಾಸ್ಟರನ್ನು ಕೇಳಿದೆ. ಬೇಡವೆಂದರು. ಇಂಥ ಚಿತ್ರ ಮಾಡುವವರು ನಮ್ಮನ್ನು ಎದುರಿಗಿಟ್ಟುಕೊಂಡು ನಗುತ್ತಾರೆ, ಟೀಚರಮ್ಮ ಅದರಲ್ಲಿ ಕಾಣಿಸಿಕೊಂಡರೆ ಮಕ್ಕಳ ಕ್ಲಾಸು ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದರು. ಒಳ್ಳೆಯ ಮಾತಿನಲ್ಲೇ ಅಂದರು. ನನಗೀಗ ಎಪ್ಪತ್ತೊಂದು. ಆಸ್ಪತ್ರೆಯ ಲಾಂಡ್ರಿ ಕೆಲಸ ಮುಗಿದು ಎಷ್ಟೋ ಕಾಲವಾಯಿತು, ಮಂಡಿ ಕೈಕೊಟ್ಟಿದೆ, ಮದುವೆ ಮಕ್ಕಳು ಮೊದಲೇ ಇಲ್ಲ. ಉಳಿದಿರುವುದು ಭಾನುವಾರದ ಒಂಬತ್ತು ಮಕ್ಕಳು. ಅವರನ್ನು ಕಳೆದುಕೊಳ್ಳಲು ನಾನು ತಯಾರಿಲ್ಲ. ಆದ್ದರಿಂದ ಕ್ಯಾಸೆಟ್ಟೂ ಇಲ್ಲ, ನಾನೂ ಇಲ್ಲ.

ಹನ್ನೊಂದು ವರ್ಷದ ವಿಷಯ. ನೀನು ಹೋದಾಗ ಸಭೆಯ ಹಿರಿಯರು ನಿನ್ನ ಒಡನಾಟ ಬೇಡವೆಂದರು. ನಿನ್ನ ಅಪ್ಪ ತಲೆ ತಗ್ಗಿಸಿದ, ನಾನು ತಲೆ ಆಡಿಸಿದೆ. ಅದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ, ಧೈರ್ಯ ಇರಲಿಲ್ಲ ಅಷ್ಟೇ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕ್ಯಾಮೆರಾ ಹೊತ್ತು ಬೆನ್ನು ಬಗ್ಗಿಸಿಕೊಳ್ಳಬೇಡ.

ನಿನ್ನ ಅತ್ತೆ

ಇನ್ನೊಂದು ಮಾತು. ಅಷ್ಟು ಪಾಠಗಳಲ್ಲಿ ಆ ಪಾಠವನ್ನೇ ಯಾಕೆ ಕೇಳಿದೆ? ನಾನು ನಿನ್ನನ್ನು ಹೆದರಿಸಿದೆನೇ? ಇದಕ್ಕೆ ಮಾತ್ರ ಉತ್ತರ ಬರೆ.

*

ಮಾರ್ಚ್ ೯

ಪ್ರೀತಿಯ ಅತ್ತೆ,

ಹೌದು, ಹೆದರಿಸಿದಿರಿ. ಕೇಳಿದ್ದೀರಿ, ಅದಕ್ಕೆ ಪೂರ್ತಿ ಹೇಳುತ್ತೇನೆ.

ನನಗೆ ಎಂಟು ವರ್ಷ. ಆಲಿಕೆ ಊದಿದ ಭಾನುವಾರ ಕಳೆದು ಬುಧವಾರವೋ ಗುರುವಾರವೋ ಇರಬೇಕು. ಶಾಲೆಯಿಂದ ಬರುತ್ತಿದ್ದೆ. ನಮ್ಮ ಬೀದಿಯ ತಿರುವಿಗೆ ಬಂದಾಗ ಆಕಾಶವೇ ಕೂಗಿದ ಹಾಗೆ ಒಂದು ಸದ್ದು. ಉದ್ದಕ್ಕೆ, ನಿಲ್ಲದೆ. ನಾನು ಮನೆಗೆ ಓಡಿದೆ. ಬಾಗಿಲು ತೆರೆದೇ ಇತ್ತು. ನಲ್ಲಿಯಲ್ಲಿ ನೀರು ಹೋಗುತ್ತಿತ್ತು. ಪೇಪರಿನ ಮೇಲೆ ಅಮ್ಮನ ಕನ್ನಡಕ, ಹೊಸ್ತಿಲ ಹತ್ತಿರ ಅಪ್ಪನ ಚಪ್ಪಲಿ. ಎರಡು ಸಲ ಕೂಗಿದೆ. ಯಾರೂ ಇಲ್ಲ. ಹೊರಗೆ ಬಂದರೆ ಬೀದಿಯಲ್ಲಿ ಒಂದು ನರಪಿಳ್ಳೆಯಿಲ್ಲ. ಪಕ್ಕದ ಮನೆಯವರ ಕುರ್ಚಿ ಮಾತ್ರ ಹೊರಗಿತ್ತು.

ಹಿಂದಿನ ದಿನ ಹೋಂವರ್ಕ್ ವಿಷಯದಲ್ಲಿ ಒಂದು ಸುಳ್ಳು ಹೇಳಿದ್ದೆ. ಅದಕ್ಕೇ ನನ್ನನ್ನು ಬಿಟ್ಟು ಹೋಗಿದ್ದಾರೆ ಎಂದು ಖಚಿತವಾಯಿತು. ಆಮೇಲೆ ಒಂದು ಯೋಚನೆ ಬಂತು. ಅಪ್ಪ ಅಮ್ಮ ಹೋಗಿರಲಿ, ಅತ್ತೆ? ನಿಜವಾಗಿ ತುತ್ತೂರಿ ಊದಿದ್ದರೆ ಮೊದಲು ಹೋಗುವವರು ನೀವೇ. ನೀವು ಭೂಮಿಯ ಮೇಲೆ ಇದ್ದೀರೆಂದರೆ ಏನೂ ಆಗಿಲ್ಲ ಎಂದರ್ಥ. ಚೀಲ ಅಲ್ಲೇ ಬಿಸಾಡಿ ನಿಮ್ಮ ಆಸ್ಪತ್ರೆಯ ಹಿಂದಿನ ಬಾಗಿಲಿಗೆ ಓಡಿದೆ.

ಲಾಂಡ್ರಿಯ ಬಾಗಿಲು ದೂಡಿದೆ. ಹಬೆಯ ನಡುವೆ ನೀವು ನಿಂತಿದ್ದಿರಿ, ಕೈಯಲ್ಲಿ ಬಿಳಿಯ ಚಾದರ ಹಿಡಿದುಕೊಂಡು. ನನ್ನನ್ನು ನೋಡಿದಿರಿ. ಯಾಕೆ ಬಂದೆ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. “ಆ ಕೊನೆ ಹಿಡ್ಕೋ” ಅಂದಿರಿ. ನಾವಿಬ್ಬರೂ ಚಾದರ ಮಡಚಿದೆವು. ನೀವು ಎರಡು ಮೂಲೆ ಹಿಡಿದು ನನ್ನ ಕಡೆ ಬರುವುದು, ನಾನು ಎರಡು ಮೂಲೆ ಹಿಡಿದು ನಿಮ್ಮ ಕಡೆ ಬರುವುದು, ಕೈಗೆ ಕೈ ತಾಗುವುದು. ಎಷ್ಟು ಚಾದರವೋ ನೆನಪಿಲ್ಲ. ಕೊನೆಗೆ ನಿಮ್ಮ ಜೊತೆಯವರೆಲ್ಲ ಮಾತಾಡಿಕೊಂಡು ಒಳಗೆ ಬಂದರು. ಬೆಂಕಿ ಬಿದ್ದರೆ ಹೇಗೆ ಹೊರಗೆ ಓಡಬೇಕೆಂದು ಆಸ್ಪತ್ರೆಯವರು ಸೈರನ್ ಹಾಕಿ ಅಭ್ಯಾಸ ಮಾಡಿಸಿದ್ದರಂತೆ. ಬೀದಿಯವರೆಲ್ಲ ನೋಡಲು ರಸ್ತೆ ತುದಿಗೆ ಹೋಗಿದ್ದರು. ಅಪ್ಪ ಅಮ್ಮ ನಿಮಗೆ ಏನಾಯಿತೋ ಎಂದು ಬರಿಗಾಲಲ್ಲಿ ತಾರಸಿ ಹತ್ತಿ ಹೊಗೆ ಹುಡುಕುತ್ತಿದ್ದರು. ಮೇಲಕ್ಕೇನೋ ಹೋಗಿದ್ದರು, ಆದರೆ ಹದಿನೆಂಟು ಮೆಟ್ಟಿಲಷ್ಟೇ.

ಈಗಲೂ ಆಂಬುಲೆನ್ಸ್ ಕೂಗಿದರೆ ನಾನು ಪಕ್ಕದಲ್ಲಿ ಯಾರಿದ್ದಾರೆಂದು ತಿರುಗಿ ನೋಡುತ್ತೇನೆ. ಇದನ್ನು ಸುಳ್ಳು ಮಾಡಿ ಹೇಳಲಾರೆ. ಆದರೆ ಆ ದಿನ ಹಬೆಯೊಳಗೆ ನಿಮ್ಮ ಮುಖ ಕಂಡಾಗ ಆದ ಸಮಾಧಾನ ನನಗೆ ಇನ್ನೆಲ್ಲೂ ಸಿಕ್ಕಿಲ್ಲ, ಅತ್ತೆ. ಭಯವನ್ನೂ ನೀವೇ ಕೊಟ್ಟಿರಿ, ಅದಕ್ಕೆ ಮದ್ದನ್ನೂ ನೀವೇ ಕೊಟ್ಟಿರಿ. ಎರಡರಲ್ಲಿ ನಾನು ಹೆಚ್ಚು ಸಲ ನೆನೆಸಿಕೊಳ್ಳುವುದು ಎರಡನೆಯದನ್ನು.

ನಿಮ್ಮ
ಯಾಕಮ್ಮ

*

ಮೇ ೨

ಪ್ರೀತಿಯ ಅತ್ತೆ,

ಎರಡು ತಿಂಗಳಾಯಿತು. ನೀವು ಬರೆಯದೆ ಇರುವುದೂ ಒಂದು ಉತ್ತರವೇ ಎಂದುಕೊಂಡಿದ್ದೇನೆ. ಚಿತ್ರದ ಜೋಡಣೆ ಮುಗಿಯುತ್ತಾ ಬಂತು. ನಿಮ್ಮ ದನಿ ಇರಬೇಕಾದ ಜಾಗದಲ್ಲಿ ಅರ್ಧ ನಿಮಿಷ ಕಪ್ಪು ಪರದೆ ಬಿಟ್ಟಿದ್ದೇನೆ. ನೀವು ನೊಂದಿದ್ದರೆ ಕ್ಷಮಿಸಿ. ಕೇಳಿದ್ದಕ್ಕೆ ಹೇಳಿದೆ, ನೋಯಿಸಲು ಹೇಳಲಿಲ್ಲ.

ಯಾಕಮ್ಮ

*

ಮೇ ೧೭

ಯಾಕಮ್ಮನಿಗೆ,

ಜೊತೆಗೆ ಒಂದು ಪೊಟ್ಟಣ ಇದೆ. ಬಿಚ್ಚುವ ಮೊದಲು ಇದನ್ನು ಓದು.

ನಿನ್ನ ಕಾಗದ ಬಂದ ದಿನದಿಂದ ಏಳು ಸಲ ಉತ್ತರ ಬರೆಯಲು ಕೂತೆ, ಏಳು ಸಲ ಹರಿದೆ. ಈ ಸಲ ಹರಿಯುವ ಮೊದಲೇ ಅಂಚೆಗೆ ಹಾಕುತ್ತೇನೆ.

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಯಾರಿಗೂ ಗೊತ್ತಿಲ್ಲ, ನಿನ್ನ ಅಪ್ಪನಿಗೂ. ನನಗೆ ಇಪ್ಪತ್ತೇಳು ವರ್ಷವಾಗಿದ್ದಾಗ ಲಾಂಡ್ರಿಯ ಯಂತ್ರಗಳ ಸದ್ದಿಗೋ ಏನೋ ಕಿವಿ ಮಂದವಾಯಿತು. ಎಡಗಿವಿ ಪೂರ್ತಿ, ಬಲಗಿವಿ ಅರ್ಧ. ಆ ವರ್ಷ ನಮ್ಮ ಸಭೆಗೆ ಹೊರಗಿನಿಂದ ಒಬ್ಬ ಬೋಧಕ ಬಂದಿದ್ದ. ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಈಗ ಕೇಳಿಸುತ್ತಿದೆಯೇ ಎಂದು ಕೇಳಿದ. ಅವನ ತುಟಿ ನೋಡಿ ಪ್ರಶ್ನೆ ಊಹಿಸಿದೆ. ನನ್ನ ತಾಯಿ ಎದುರಿಗೆ ಕೈ ಜೋಡಿಸಿಕೊಂಡು ನಿಂತಿದ್ದಳು. ಇನ್ನೂರು ಜನ ಉಸಿರು ಬಿಗಿಹಿಡಿದಿದ್ದರು. ಕೇಳಿಸುತ್ತಿದೆ ಎಂದೆ. ಎಲ್ಲರೂ ಸ್ತೋತ್ರ ಸ್ತೋತ್ರ ಎಂದು ಎದ್ದು ನಿಂತರು. ಆ ಗದ್ದಲವೂ ನನಗೆ ದೂರದಿಂದ ಬಂದ ಹಾಗಿತ್ತು.

ಆಮೇಲೆ ಪ್ರತಿ ವರ್ಷ ಆ ಸಾಕ್ಷಿ ಹೇಳಿಸಿದರು, ನಾನೂ ಹೇಳಿದೆ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡಾಗಿತ್ತು, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಫೋನು ಎತ್ತದಿರುವುದು ಅದಕ್ಕೇ. ನಿಮ್ಮನ್ನೆಲ್ಲ ನನ್ನ ಬಲಗಡೆಗೇ ಕೂರಿಸುತ್ತಿದ್ದುದು ಅದಕ್ಕೇ. ಮಕ್ಕಳ ತುಟಿಯಿಂದ ಕಣ್ಣು ಕೀಳುತ್ತಿರಲಿಲ್ಲ ಎಂದು ಬರೆದಿದ್ದೀಯಲ್ಲ, ನೀನು ಹೊಗಳಿದ್ದು ನನ್ನ ಕಿವುಡನ್ನು ಮಗಳೇ. ಅದನ್ನು ಓದಿ ನಗು ಬಂತು, ನಗುತ್ತಲೇ ಅಳು ಬಂತು.

ಈಗ ಆ ಮಧ್ಯಾಹ್ನಕ್ಕೆ ಬರುತ್ತೇನೆ. ನಾನು ಒಳಗಿನ ಕೋಣೆಯಲ್ಲಿ ಯಂತ್ರಗಳ ಮುಂದೆ ಇದ್ದೆ. ಸೈರನ್ ನನಗೆ ಕೇಳಿಸಲೇ ಇಲ್ಲ. ಒಗೆದ ಚಾದರಗಳನ್ನು ಗಾಡಿಗೆ ತುಂಬಿ ಹೊರಗಿನ ಕೋಣೆಗೆ ಬಂದರೆ ಯಾರೂ ಇಲ್ಲ. ಇಸ್ತ್ರಿಪೆಟ್ಟಿಗೆಗಳು ಬಿಸಿಯಾಗಿಯೇ ಇವೆ. ಒಬ್ಬಳ ಚಹಾದ ಲೋಟದಿಂದ ಇನ್ನೂ ಹೊಗೆಯಾಡುತ್ತಿದೆ. ನೆಲ ಒದ್ದೆಯಿರುತ್ತದೆಂದು ನಾವೆಲ್ಲ ನಮ್ಮ ಚಪ್ಪಲಿ ಬಾಗಿಲ ಬಳಿ ಬಿಟ್ಟು ಕೆಲಸದ ರಬ್ಬರ್ ಚಪ್ಪಲಿ ಹಾಕಿಕೊಳ್ಳುತ್ತಿದ್ದೆವು. ಆ ಹನ್ನೆರಡು ಜೊತೆ ಚಪ್ಪಲಿ ಸಾಲಾಗಿ ಹಾಗೇ ಇದ್ದವು, ಜನ ಮಾತ್ರ ಇಲ್ಲ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನಗೆ ಮೊದಲು ಬಂದ ಯೋಚನೆ ಏನು ಗೊತ್ತೇ? ತುತ್ತೂರಿ ಊದಿದೆ, ನನಗೆ ಕೇಳಿಸಿಲ್ಲ. ಕಿವಿ ವಾಸಿಯಾಯಿತೆಂದು ದೇವರ ಹೆಸರಿನಲ್ಲಿ ಸುಳ್ಳು ಹೇಳಿದವಳಿಗೆ ಸರಿಯಾದ ಶಿಕ್ಷೆ ಇದೇ. ಎಲ್ಲರೂ ಹೋಗಿದ್ದಾರೆ, ಟೀಚರಮ್ಮ ಉಳಿದಿದ್ದಾಳೆ. ಒಂದು ಚಾದರ ಕೈಗೆತ್ತಿಕೊಂಡೆ. ಮಡಚಲು ಇಬ್ಬರು ಬೇಕು ಎಂಬುದು ಆಗ ನೆನಪಾಗಿ ಹಾಗೇ ನಿಂತುಬಿಟ್ಟೆ.

ಆಗ ಬಾಗಿಲು ತೆರೆಯಿತು. ನೀನು. ಕೆದರಿದ ಕೂದಲು, ಒಂದು ಕಾಲಿಗೆ ಮಾತ್ರ ಶೂ.

ಈ ಮಗುವನ್ನು ಬಿಟ್ಟು ದೇವರು ಯಾರನ್ನೂ ಕರೆದುಕೊಂಡು ಹೋಗಲಾರ ಎಂದು ನನಗೆ ಅನುಮಾನವೇ ಇರಲಿಲ್ಲ. ನೀನು ಇದ್ದೀಯೆಂದರೆ ಏನೂ ಆಗಿಲ್ಲ. ನೀನು ನನ್ನ ಮುಖ ನೋಡಿ ಉಸಿರು ಬಿಟ್ಟೆ ಎಂದು ಬರೆದೆಯಲ್ಲ, ನಾನು ನಿನ್ನ ಮುಖ ನೋಡಿ ಉಸಿರು ಬಿಟ್ಟಿದ್ದೆ. ಬಾಯಿಬಿಟ್ಟರೆ ಅತ್ತುಬಿಡುತ್ತಿದ್ದೆ. ಅದಕ್ಕೇ ಆ ಕೊನೆ ಹಿಡಿದುಕೋ ಎಂದೆ.

ಅದೇ ಭಾನುವಾರ ಆ ಪಾಠ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ನನ್ನ ಹೆದರಿಕೆಯನ್ನು ಇನ್ನೂ ಎಷ್ಟೋ ವರ್ಷ ಮಕ್ಕಳ ಕೈಗೆ ಕೊಟ್ಟೆ. ಹನ್ನೊಂದು ವರ್ಷ ನಿನ್ನನ್ನು ಮಾತಾಡಿಸಲಿಲ್ಲ. ನೀನು ಸಿಟ್ಟಿನಿಂದ ಬರೆದಿದ್ದರೆ ತಡೆದುಕೊಳ್ಳುತ್ತಿದ್ದೆ. ನೀನು ಕೃತಜ್ಞತೆ ಹೇಳಿ ನನ್ನನ್ನು ಕಟ್ಟಿಹಾಕಿದೆ.

ಪೊಟ್ಟಣದಲ್ಲಿ ಕ್ಯಾಸೆಟ್ ಇದೆ, ಆಲಿಕೆಯೂ ಇದೆ. ಕ್ಯಾಮೆರಾ ತೆಗೆದುಕೊಂಡು ಬಾ. ಬಲಗಡೆ ಇಡು.

ಅತ್ತೆ

*

ಜೂನ್ ೩೦

ಪ್ರೀತಿಯ ಅತ್ತೆ,

ಊರಿಗೆ ಮರಳಿ ನಾಲ್ಕು ದಿನವಾಯಿತು. ನಿಮ್ಮ ಕೋಣೆಯಲ್ಲಿ ತೆಗೆದದ್ದನ್ನು ದಿನಕ್ಕೊಂದು ಸಲ ನೋಡುತ್ತಿದ್ದೇನೆ. ನಮ್ಮ ಧ್ವನಿಮುದ್ರಣದ ಹುಡುಗಿ ಹೊರಗೆ ಹಾರ್ನ್ ಬಂತು, ಇನ್ನೊಂದು ಸಲ ಹೇಳಿ ಎಂದು ಕೇಳಿದಾಗ ನೀವು ಅಂದ ಮಾತನ್ನು ಅವಳು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾಳೆ: “ಸುಳ್ಳನ್ನ ನಲವತ್ತು ಸಲ ಹೇಳಿದ್ದೀನಮ್ಮ. ನಿಜ ಒಂದು ಸಲ ಸಾಕು.” ಹಾರ್ನ್ ಸಮೇತ ಇಟ್ಟುಕೊಂಡಿದ್ದೇವೆ.

ಚಿತ್ರದ ಹಿನ್ನೆಲೆಗೆಂದು ಗೋಡೆಗೆ ಕಟ್ಟಿದ್ದ ಚಾದರವನ್ನು ಕೊನೆಗೆ ನಾವಿಬ್ಬರು ಮಡಚಿದೆವಲ್ಲ. ಕ್ಯಾಮೆರಾ ಇನ್ನೂ ಓಡುತ್ತಿತ್ತಂತೆ. ನನಗೆ ಗೊತ್ತೇ ಇರಲಿಲ್ಲ. ನೀವು ಮಡಚುವಾಗ ಈಗಲೂ ನನ್ನ ಮೂಲೆ ಸರಿಯಿಲ್ಲವೆಂದು ಗೊಣಗುತ್ತೀರಿ. ಚಿತ್ರ ಅಲ್ಲಿಗೆ ಮುಗಿಯುತ್ತದೆ.

ಆದರೆ ಒಂದು ವಿಷಯ ಕೇಳದೆ ನನಗೆ ನಿದ್ದೆ ಬರುವುದಿಲ್ಲ. ನಿಮ್ಮ ಕ್ಲಾಸು ಹೋಗುತ್ತದೆ. ಆ ಒಂಬತ್ತು ಮಕ್ಕಳು ನಿಮಗೆ ಏನೆಂದು ಈ ಸಲ ಕಣ್ಣಾರೆ ಕಂಡೆ. ಕಿವಿಯ ಮಾತನ್ನು ತೆಗೆದುಹಾಕುತ್ತೇನೆ, ನೀವು ಹೂಂ ಎಂದರೆ ಸಾಕು. ನಿಮ್ಮ ಮುಖವನ್ನೂ ತೆಗೆಯುತ್ತೇನೆ. ಕಪ್ಪು ಪರದೆಯಿಂದ ಚಿತ್ರ ಬಡವಾಗುತ್ತದೆ, ಸಾಯುವುದಿಲ್ಲ. ಎಂಟು ವರ್ಷದವಳಿದ್ದಾಗ ನೀವು ನನ್ನನ್ನು ಉಳಿಸಿದ್ದೀರಿ, ಮೂವತ್ತಕ್ಕೆ ನಾನು ನಿಮ್ಮದನ್ನು ಕಿತ್ತುಕೊಳ್ಳಲಾರೆ. ಜುಲೈ ಹದಿನೈದರೊಳಗೆ ಬರೆಯಿರಿ. ನೀವು ಏನು ಹೇಳಿದರೂ ನನ್ನ ಕೃತಜ್ಞತೆ ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ.

ನಿಮ್ಮ
ಯಾಕಮ್ಮ

*

ಜುಲೈ ೧೨

ಯಾಕಮ್ಮನಿಗೆ,

ಏನೂ ತೆಗೆಯಬೇಡ. ಹಾರ್ನೂ ಇರಲಿ.

ನಿನ್ನ ಚಿತ್ರದಿಂದ ನನ್ನ ಕ್ಲಾಸು ಹೋಯಿತೆಂದು ನೀನು ಕೊರಗಬಾರದು ಎಂದು ನಾನೇ ಮುಂಚೆ ಹೋಗಿ ಕಳೆದುಕೊಂಡು ಬಂದೆ. ಕಳೆದ ವಾರದ ಆರಾಧನೆಯಲ್ಲಿ ಸಾಕ್ಷಿ ಹೇಳುವವರು ಎದ್ದು ನಿಲ್ಲಿ ಎಂದಾಗ ನಿಂತೆ. ಕಿವಿಯ ವಿಷಯ ಹೇಳುತ್ತೇನೆ ಎಂದಾಗ ಎಲ್ಲರೂ ಸಂತೋಷವಾಗಿ ಒರಗಿ ಕೂತರು, ಕೇಳಿ ಕೇಳಿ ಬಾಯಿಪಾಠವಾದ ಕಥೆಯಲ್ಲವೇ. ಈ ಸಲ ಕೊನೆ ಬೇರೆಯಿತ್ತು. ಯಾರೂ ಸ್ತೋತ್ರ ಅನ್ನಲಿಲ್ಲ. ಅಂದಿದ್ದರೂ ನನಗೆ ಕೇಳಿಸುತ್ತಿರಲಿಲ್ಲ ಬಿಡು.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎನ್ನುತ್ತಾರೆ. ನನಗೆ ಯಾರೂ ಒದೆಯಲಿಲ್ಲ. ಪಾಸ್ಟರು ಕೆಟ್ಟವರಲ್ಲ, ಅವರ ಕಣ್ಣಲ್ಲೂ ನೀರಿತ್ತು. ಒಂದು ಭಾನುವಾರ ಕೊಡುತ್ತೇನೆ, ಮಕ್ಕಳಿಗೆ ಹೇಳಿ ಬೀಳ್ಕೊಡಿ ಎಂದರು. ನಿನ್ನ ಅಪ್ಪ ನನ್ನನ್ನು ಮನೆಯವರೆಗೆ ಬಿಡಲು ಬಂದ. ಅರ್ಧ ದಾರಿ ಎಡಗಡೆ ನಡೆಯುತ್ತಿದ್ದವನು ಇದ್ದಕ್ಕಿದ್ದ ಹಾಗೆ ಸುತ್ತಿ ಬಲಗಡೆಗೆ ಬಂದ. ಆಮೇಲೆ ಕೇಳಿದ, “ನನ್ನ ಮಗಳು ಚೆನ್ನಾಗಿದ್ದಾಳಾ ಅಕ್ಕ?” ಹನ್ನೊಂದು ವರ್ಷಕ್ಕೆ ಮೊದಲ ಸಲ ಕೇಳಿದ. ಅವನಿಗೆ ನಿನ್ನ ವಿಳಾಸ ಕೊಟ್ಟಿದ್ದೇನೆ. ಬರೆಯುತ್ತಾನೋ ಇಲ್ಲವೋ ಗೊತ್ತಿಲ್ಲ. ಅವನ ಅಕ್ಷರ ನಿನ್ನದಕ್ಕಿಂತ ಕಡೆ.

ಇವತ್ತು ಕೊನೆಯ ಕ್ಲಾಸು ಮುಗಿಸಿ ಬಂದೆ. ಬಂದು ಕೂತವಳೇ ನಿನಗೆ ಬರೆಯುತ್ತಿದ್ದೇನೆ. ಅಳುತ್ತೇನೆ ಎಂದುಕೊಂಡಿದ್ದೆ, ಅಳು ಬರಲಿಲ್ಲ. ದೇವರ ಮೇಲಿನ ನಂಬಿಕೆ ನನಗೆ ಇನ್ನೂ ಇದೆ, ಅದನ್ನು ನೀನು ಚಿತ್ರದಲ್ಲಿ ಸರಿಯಾಗಿ ತೋರಿಸಬೇಕು. ಆದರೆ ಇಷ್ಟು ವರ್ಷ ನಾನು ಅವನ ಮುಂದೆ ಎಡಗಡೆ ತಿರುಗಿ ಕೂತಿದ್ದೆ. ಇವತ್ತು ಬಲಗಡೆ ತಿರುಗಿದ ಹಾಗಾಯಿತು. ನಿನಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು.

ಮಕ್ಕಳಿಗೆ ತುತ್ತೂರಿಯ ಪಾಠ ಕೊನೆಯ ಸಲ ಹೇಳಿದೆ. ಆಲಿಕೆ ನಿನ್ನ ಹತ್ತಿರವಿದೆ, ಬರೀ ಬಾಯಲ್ಲೇ ಹೇಳಿದೆ. “ಎಂದಾದ್ರೂ ದೊಡ್ಡ ಸದ್ದು ಕೇಳಿ, ಮನೇಲಿ ಯಾರೂ ಕಾಣಿಸದಿದ್ರೆ, ಮೊದಲು ತಾರಸಿ ಮೇಲೆ ಹೋಗಿ ನೋಡಿ. ಅಲ್ಲೂ ಇಲ್ಲದಿದ್ರೆ ಸೀದಾ ನನ್ನ ಮನೆಗೆ ಓಡಿ ಬನ್ನಿ. ನಾನು ಇರ್ತೀನಿ.”

ಎಲ್ಲರಿಗಿಂತ ಚಿಕ್ಕದೊಂದಿದೆ, ಥೇಟ್ ನಿನ್ನ ಹಾಗೆ. ಸುಮ್ಮನೆ ಬಿಡುತ್ತದೆಯೇ? ಬಲಗಡೆ ಬಂದು ನಿಂತು ಕೇಳಿತು, “ದೇವರು ನಿಮ್ಮನ್ನೂ ಕರೆದ್ರೆ?”

“ಕರೀಲಿ. ಒಂದು ನಿಮಿಷ ಇರಪ್ಪ, ಮಕ್ಕಳು ಇನ್ನೂ ದಾರೀಲಿದ್ದಾರೆ ಅಂತೀನಿ,” ಅಂದೆ.

ಇಲ್ಲೇ ಇರುವ
ಅತ್ತೆ